ಎಮ್ಮೆ ತೊಳೆದ ನೀರು

ಝಳಕಿ ಕ್ರಾಸಿನಲ್ಲಿ ಬಸ್ಸಿಳಿದು ಒಳದಾರಿ ಹಿಡಿದು, ಇಂದ್ರಾಬಾಯಿಯ ಮನೆ ಯಾವುದು ಎಂದು ಯಾರನ್ನಾದರೂ ಕೇಳಿ ನೋಡಿ. ಬಾಗಿಲ ಬಣ್ಣ, ಮುಂದಿನ ಬೇವಿನ ಮರ ಯಾವುದನ್ನೂ ಹೇಳುವುದಿಲ್ಲ. “ಹಂಗ ಮುಂದ ಹೋಗ್ರಿ, ಎಮ್ಮಿ ಮಿರಿಮಿರಿ ಮಿಂಚತಿರ್ತಾವು, ಅದ ಮನಿ” ಎನ್ನುತ್ತಾರೆ. ಹೇಳುವಾಗ ತುಟಿಯಂಚಿನಲ್ಲಿ ಒಂದು ಸಣ್ಣ ನಗು ಇರುತ್ತದೆ. ಅದರಲ್ಲಿ ಅರ್ಧ ಮೆಚ್ಚುಗೆ, ಅರ್ಧ ಚೇಷ್ಟೆ.

ಚೇಷ್ಟೆಗೂ ಕಾರಣವಿತ್ತು. ಆ ಸೀಮೆಯಲ್ಲಿ ಎಮ್ಮೆ ಎಂದರೆ ಪಕ್ಕೆಗೆ ಸೆಗಣಿ ಮೆತ್ತಿಕೊಂಡೇ ಇರುವ ಪ್ರಾಣಿ, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಇಂದ್ರಾಬಾಯಿಗೆ ಮಾತ್ರ ಅದು ಸೇರುತ್ತಿರಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಪೈಪು ಹಿಡಿದು ಹನ್ನೊಂದು ಎಮ್ಮೆಗಳನ್ನೂ ಕೋಡಿನಿಂದ ಬಾಲದ ತುದಿಯ ತನಕ ತೊಳೆದರೇನೇ ಅವಳ ಜೀವಕ್ಕೆ ಸಮಾಧಾನ. ತನ್ನ ಮುಖ, ಕೈಕಾಲು ಮಾತ್ರ ಒಂದು ತಂಬಿಗೆ ನೀರಿನಲ್ಲಿ ಮುಗಿಯುತ್ತಿದ್ದವು. ಗಂಡ ಬದುಕಿದ್ದಾಗ, “ಮುಂದಿನ ಜನ್ಮದಾಗ ನಿನ್ನ ಎಮ್ಮಿ ಆಗಿ ಹುಟ್ಟತೇನಿ, ಅವಾಗರ ನನ್ನ ಬೆನ್ನು ತಿಕ್ಕತಿ” ಎಂದು ಕಾಡಿಸುತ್ತಿದ್ದ. ಅವಳು ನಗುತ್ತಿರಲಿಲ್ಲ. ಎಮ್ಮೆಯ ವಿಷಯದಲ್ಲಿ ನಗೆಚಾಟಿಕೆ ಅವಳಿಗೆ ಒಗ್ಗುತ್ತಿರಲಿಲ್ಲ.

ಸಿಂದಗಿ ಕಡೆಯ ಹೆಣ್ಣು ಅವಳು. ಮದುವೆಯಾಗಿ ಬರುವಾಗ ತವರಿನವರು ಹಿಂದೆ ಇನ್ನೂ ಈಯದ ಒಂದು ಎಮ್ಮೆ ಮಣಕವನ್ನು ಅಟ್ಟಿಕೊಂಡು ಬಂದು ಬಿಟ್ಟುಹೋಗಿದ್ದರು. ಈಗಿರುವ ಎಮ್ಮೆಗಳಲ್ಲಿ ಹೆಚ್ಚಿನವು ಆ ಮಣಕದ ಪೀಳಿಗೆಯವೇ. ಹಾಲು ಹೆದ್ದಾರಿಯ ಧಾಬಾಗಳಿಗೂ ಚಹಾದಂಗಡಿಗಳಿಗೂ ಹೋಗುತ್ತದೆ. ಮಗ ಸಿದ್ಧರಾಮ ಟಂಟಂ ಗಾಡಿಯಲ್ಲಿ ಕ್ಯಾನುಗಳನ್ನು ಹೇರಿಕೊಂಡು ಕೊಟ್ಟು ಬರುತ್ತಾನೆ. ಸೊಸೆ ಕಾವೇರಿ ತಂಗಡಗಿಯವಳು, ಕೃಷ್ಣೆಯ ದಂಡೆಯಲ್ಲಿ ಬೆಳೆದವಳು. ಅತ್ತೆ ಪೈಪು ಹಿಡಿದು ನಿಂತದ್ದನ್ನು ಮೊದಲ ಸಲ ಕಂಡಾಗ ಅವಳಿಗೆ ನಗು ತಡೆಯಲಾಗಿರಲಿಲ್ಲ. “ನಮ್ಮೂರಾಗ ಎಮ್ಮಿ ತಾವ ಹೊಳಿಗಿ ಹೋಗಿ ಜಳಕಾ ಮಾಡಿ ಬರ್ತಾವ್ರಿ ಅತ್ತಿ” ಎಂದಿದ್ದಳು. ಅದಕ್ಕೆ ಇಂದ್ರಾಬಾಯಿ, “ಹಂಗಾರ ಹೊಳಿನ್ನೂ ಕಟಗೊಂಡ ಬರಬೇಕಿತ್ತು ನೀ” ಎಂದಳು.

ಅವಳ ಬಾಯಿಯೇ ಹಾಗೆ. ಯಾರದಾದರೂ ಎಮ್ಮೆ ಮುಂದೆ ಹಾದರೆ, “ಇದಕ್ಕಿಂತ ನಿನ್ನ ಚಪ್ಪಲಿ ಸ್ವಚ್ಛ ಅದಾವಲ್ಲ” ಎಂದುಬಿಡುವಳು. ಅಂದಮೇಲೆ ಯಾರು ತಾನೆ ಬಂದು ಅವಳ ಕಟ್ಟೆಯ ಮೇಲೆ ಕೂಡುತ್ತಾರೆ? ಊರಿನವರು ಹಾಲು ಕೊಂಡರು, ಮಾತು ಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತು ಅವಳ ಜೊತೆ ಕೂತು ಎಲೆಯಡಿಕೆ ಹಾಕುತ್ತ, ಅವಳು ಬೈದದ್ದಕ್ಕೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ಹುಲಿಗೆವ್ವ ಒಬ್ಬಳೇ. ಆ ಒಬ್ಬಳು ಇದ್ದಾಳೆಂಬ ಧೈರ್ಯದ ಮೇಲೆಯೇ ಇಂದ್ರಾಬಾಯಿ ಉಳಿದವರನ್ನೆಲ್ಲ ಬೈಯುತ್ತಿದ್ದಳೆಂದು ಕಾಣುತ್ತದೆ.

ಹುಲಿಗೆವ್ವನದು ಕೆಳಗಿನ ಮನೆ. ಗಂಡ ಪರಸಪ್ಪ ಕುರಿ ಹಿಂಡು ಹೊಡೆದುಕೊಂಡು ಊರೂರು ತಿರುಗುವವ, ಮಳೆ ಬಿದ್ದಮೇಲೆಯೇ ಮನೆಯ ಮುಖ ನೋಡುವವ. ಮನೆಯ ಮಗ್ಗುಲಿಗೆ ಒಂದು ಸಣ್ಣ ತುಂಡು ನೆಲ, ಅದರಲ್ಲಿ ಹನ್ನೆರಡು ಲಿಂಬೆ ಗಿಡ, ಮೂಲೆಯಲ್ಲಿ ಒಂದು ಹಳೆಯ ಭಾವಿ. ಇಂಡಿ ಸೀಮೆಯ ಲಿಂಬೆಯ ಗುಣವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆ ಗಿಡಗಳ ಕಾಯಿಯನ್ನು ಹುಲಿಗೆವ್ವ ಇಂಡಿಯ ಪೇಟೆಗೆ ಕಳಿಸುತ್ತಿದ್ದಳು. ಕಳಿಸುವ ಮುಂಚೆ ದೊಡ್ಡ ದೊಡ್ಡ ಕಾಯಿ ಆರಿಸಿ ಒಂದು ಬುಟ್ಟಿ ಇಂದ್ರಾಬಾಯಿಯ ಮನೆಗೆ ಬರುತ್ತಿತ್ತು. ಇತ್ತ ಎಮ್ಮೆ ಈದಾಗಲೆಲ್ಲ ಮೊದಲ ಗಿಣ್ಣದ ಪಾತ್ರೆ ಹುಲಿಗೆವ್ವನ ಮನೆಗೆ ಹೋಗುತ್ತಿತ್ತು. ಇದು ಕೊಡುವುದು, ಅದು ಕೊಳ್ಳುವುದು ಎಂದು ಇಬ್ಬರೂ ಎಂದೂ ಎಣಿಸಿದವರಲ್ಲ.

ಇಂದ್ರಾಬಾಯಿಯ ಕೊಟ್ಟಿಗೆ ಮೇಲೆ, ಲಿಂಬೆಯ ನೆಲ ಕೆಳಗೆ. ಎಮ್ಮೆ ತೊಳೆದ ನೀರು ಸೆಗಣಿ, ಗಂಜಳ ಸಮೇತ ಗೋಡೆಯ ಬುಡದಲ್ಲಿ ಹರಿದು, ಬೇಲಿಯ ಕೆಳಗೆ ತೂರಿ ಅತ್ತ ಇಳಿಯುತ್ತಿತ್ತು. ಅದನ್ನು ಯಾರೂ ಕಾಲುವೆ ತೋಡಿ ತಂದಿರಲಿಲ್ಲ. ಇಳಿಜಾರಿನ ನೀರು, ಹೋಗುವ ಕಡೆ ಹೋಗುತ್ತಿತ್ತು. ಹೊಲಸು ನೀರಿಗೆ ದಾರಿ ಸಿಕ್ಕಿತಲ್ಲ ಎಂಬುದಷ್ಟೇ ಇಂದ್ರಾಬಾಯಿಯ ಲೆಕ್ಕ.

ಹೀಗಿರುತ್ತ ಹೋದ ಬೇಸಿಗೆ ಬಂತು. ಪ್ರತಿ ಬೇಸಿಗೆಯಲ್ಲೂ ಅವಳ ಬೋರು ಕೆಮ್ಮುತ್ತಿತ್ತು. ಪ್ರತಿ ಬೇಸಿಗೆಯಲ್ಲೂ ಅವಳು ಎರಡು ಎಮ್ಮೆಗಳನ್ನು ಸಂತೆಗೆ ಹೊಡೆದು ಮಾರಿ, ಮಳೆಗಾಲದಲ್ಲಿ ಬೇರೆ ತಂದು ಕಟ್ಟುತ್ತಿದ್ದಳು. ಹೊಡೆದ ದಿನ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಈ ಸಲ ಫಾಲ್ಗುಣ ಇನ್ನೂ ಅರ್ಧಕ್ಕಿತ್ತು, ಒಂದು ಸಂಜೆ ಎಮ್ಮೆ ತೊಳೆಯುತ್ತಿದ್ದಂತೆ ಪೈಪು ಗಾಳಿ ಉಗುಳಿ ಜೋತುಬಿತ್ತು. ತೊಳೆದ ಎಮ್ಮೆಗಳು ಮಿಂಚುತ್ತ ನಿಂತಿದ್ದವು, ಆದರೆ ಕುಡಿಯಲು ಬಾನಿಯಲ್ಲಿ ಹನಿ ನೀರಿರಲಿಲ್ಲ. ಇದ್ದ ನೀರನ್ನೆಲ್ಲ ಬೆನ್ನಿಗೆ ಹೊಯ್ದು, ಬಾಯಿಗೆ ಇಲ್ಲದಂತೆ ಮಾಡಿದ್ದಳು.

ಸಿದ್ಧರಾಮ ಬಂದು ನೋಡಿ, “ಯವ್ವಾ, ಎರಡು ಹೊಡದಬಿಡೋಣು ಈ ಸಲಾನೂ” ಎಂದ.

“ಒಂದೂ ಹೊಡ್ಯಾಂಗಿಲ್ಲ” ಎಂದಳು ಇಂದ್ರಾಬಾಯಿ. “ತಪ್ಪು ಎಮ್ಮೀದಲ್ಲ, ನಂದು. ಪೈಪು ತಗದ ಒಳಗ ಇಡು.”

ಮರುದಿನದಿಂದ ಆ ಮನೆಯಲ್ಲಿ ನೀರಿನ ಕಾರಭಾರವೇ ಬೇರೆಯಾಯಿತು. ಮೊದಲು ಬಾನಿ ತುಂಬಬೇಕು, ಆಮೇಲೆ ಉಳಿದದ್ದು. ಒಡೆದ ಬಾನಿಯ ಮೂಲೆಗೆ ಸಿಮೆಂಟು ಮೆತ್ತಿಸಿದಳು. ಮೋಟರು ಹಚ್ಚಿ ಮರೆತರೆ ಅಂಗಳವೆಲ್ಲ ಕೆಸರಾಗುತ್ತಿತ್ತು. ಅದಕ್ಕೆ, ನೀರು ತುಂಬಿದೊಡನೆ ತೇಲಿ ನಳ ಮುಚ್ಚುವ ಚೆಂಡನ್ನು ಇಂಡಿಯಿಂದ ತರಿಸಿ ಕೂರಿಸಿದಳು. ಕೊಟ್ಟಿಗೆಯ ನೆಲಕ್ಕೆ ನೀರೇ ಇಲ್ಲ. ಸೆಗಣಿಯನ್ನು ಹಲಗೆಯ ತುಂಡಿನಿಂದ ಬಳಿದು ಬುಟ್ಟಿಗೆ ಹಾಕಿ, ಒಣ ಬೂದಿ ಎರಚಿ, ಕಸಬರಿಗೆಯಿಂದ ಗುಡಿಸುವುದು. ಹಾಲಿನ ಕ್ಯಾನು ತೊಳೆದ ನೀರು ಚೆಲ್ಲುವಂತಿಲ್ಲ, ಅದರಲ್ಲೇ ಹಿಂಡಿ ನೆನೆಹಾಕುವುದು. ಮಧ್ಯಾಹ್ನ ಎಮ್ಮೆಗಳನ್ನು ಬೇವಿನ ನೆರಳಿಗೆ ಕಟ್ಟಿ ಬೆನ್ನ ಮೇಲೆ ಒದ್ದೆ ಗೋಣಿಚೀಲ ಹೊದಿಸುವುದು. ಮೈ ತೊಳೆಯುವುದನ್ನಂತೂ ಬಿಡಲಾರಳು. ಅದನ್ನು ಬೆಳಿಗ್ಗೆ ಒಂದೇ ಹೊತ್ತಿಗೆ ಇಳಿಸಿದಳು. ಒಂದು ಎಮ್ಮೆಗೆ ಎರಡು ಬಕೆಟ್ಟು. ಒಂದರಲ್ಲಿ ನೆನೆಸಿ ಹುಲ್ಲಿನ ಸಿವುಡಿನಿಂದ ತಿಕ್ಕುವುದು, ಇನ್ನೊಂದನ್ನು ಮೇಲಿಂದ ಸುರಿಯುವುದು. ಆ ನೀರೂ ದಂಡವಾಗಬಾರದೆಂದು ಕೊಟ್ಟಿಗೆಯ ಹಿಂದೆ ಹಸಿರು ಹುಲ್ಲಿನ ಮಡಿಗೆ ತಿರುವಿದಳು. ಗೋಡೆಯ ಬುಡದಲ್ಲಿ ಲಿಂಬೆಯ ಕಡೆ ನೀರು ಇಳಿಯುತ್ತಿದ್ದ ಹಳೆಯ ಹರಿಯ ಬಾಯಿಗೆ ನಾಲ್ಕು ಬುಟ್ಟಿ ಮಣ್ಣು ಹಾಕಿ, ತಾನೇ ಮೇಲೆ ನಿಂತು ತುಳಿದು ಗಟ್ಟಿ ಮಾಡಿದಳು.

ಕಾವೇರಿ ಸುಮ್ಮನಿರಲಿಲ್ಲ. “ಅತ್ತಿ, ಇನ್ನ ನಾಳಿ ಎಮ್ಮಿಗೆ ಚಮಚೆಲೆ ನೀರು ಕುಡಸ್ತೇರೇನ್ರಿ” ಎಂದಳು. ಆದರೆ ಚೈತ್ರ ಕಳೆದರೂ ಬೋರು ನಿಲ್ಲಲಿಲ್ಲ. ಹನ್ನೊಂದೂ ಎಮ್ಮೆಗಳು ಹೊಟ್ಟೆ ತುಂಬ ಕುಡಿದವು, ಹಾಲು ಇಳಿಯಲಿಲ್ಲ, ಮಿಂಚು ಮಾತ್ರ ಒಂದು ಕೂದಲೆಳೆ ಕಡಿಮೆಯಾಯಿತು. ಬೇರೆ ಊರಿನಿಂದ ಎಮ್ಮೆ ಸಾಕುವವರು ಬಂದು ಬಾನಿಯ ಚೆಂಡನ್ನು ಒತ್ತಿ ನೋಡಿ ಹೋದರು. ಇಂದ್ರಾಬಾಯಿ ಬೀಗಿದಳು. ಬೀಗುವಂಥ ಕೆಲಸವನ್ನೇ ಮಾಡಿದ್ದಳು, ಅದರಲ್ಲಿ ಅನುಮಾನವಿಲ್ಲ.

ಈ ಗದ್ದಲದಲ್ಲಿ ಅವಳು ಒಂದನ್ನು ತಡವಾಗಿ ಗಮನಿಸಿದಳು. ಹುಲಿಗೆವ್ವ ಕಟ್ಟೆಗೆ ಬಂದು ಬಹಳ ದಿನವಾಗಿತ್ತು. ಬೇಸಿಗೆಯ ಲಿಂಬೆ ಪೇಟೆಗೆ ಬರುವ ಹೊತ್ತು, ಅದರ ಬುಟ್ಟಿಯೂ ಬಂದಿರಲಿಲ್ಲ. ದಾರಿಯಲ್ಲಿ ಎದುರಾದರೆ “ಆರಾಮ ಅದಿಯಾ?” ಎಂದು ಕೇಳಿ ಹುಲಿಗೆವ್ವ ತಲೆಯ ಮೇಲಿನ ಕೊಡ ಸರಿಪಡಿಸಿಕೊಂಡು ಹೊರಟುಬಿಡುತ್ತಿದ್ದಳು. ನಿಲ್ಲುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಇಂದ್ರಾಬಾಯಿ, “ಈ ಸಲ ಹುಲಿಗೆವ್ವ ಲಿಂಬಿಕಾಯಿ ಯಾಕ ಕಳಿಸಲಿಲ್ಲ?” ಎಂದು ತನ್ನಷ್ಟಕ್ಕೇ ಅಂದಳು.

ಕಾವೇರಿ ರೊಟ್ಟಿ ಬಡಿಯುತ್ತಲೇ, “ನಮ್ಮ ನೀರು ನಿಂತು, ಆಕಿ ಕಾಯಿ ನಿಂತು. ಅಷ್ಟರಿ ಅತ್ತಿ” ಎಂದಳು. ಹುಡುಗಿ ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಹೇಳಿದ್ದಲ್ಲ. ರೊಟ್ಟಿ ಬಡಿಯುವವರು ಬಾಯಿಗೆ ಬಂದದ್ದು ಹೇಳುತ್ತಾರೆ.

ಇಂದ್ರಾಬಾಯಿ ಕೈಯಲ್ಲಿನ ತುತ್ತನ್ನು ತಾಟಿಗಿಟ್ಟಳು. ಹಾಗಾದರೆ ಇಷ್ಟು ವರ್ಷ ಬುಟ್ಟಿ ಬಂದದ್ದು ತನಗಲ್ಲ, ತನ್ನ ಕೊಟ್ಟಿಗೆಯ ನೀರಿಗೆ. ಕಟ್ಟೆಯ ಮೇಲೆ ಕೂತು ನಕ್ಕದ್ದೂ ನೀರಿಗೇ. ಆಕೆಗೇನು, ಭಾವಿ ಇದೆ, ಗಿಡಕ್ಕೆ ಅದರ ನೀರು ಸೇದಿ ಹಾಕಬಹುದು. ಪುಕ್ಕಟೆ ಬರುವುದು ನಿಂತೊಡನೆ ಮುಖ ತಿರುಗಿಸಿಬಿಟ್ಟಳಲ್ಲ! ಇಂದ್ರಾಬಾಯಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಯಿತು. ಊರೆಲ್ಲ ದೂರವಿದ್ದರೂ ಒಬ್ಬಳಾದರೂ ತನ್ನವಳು ಎಂದುಕೊಂಡಿದ್ದಳು, ಆ ಒಬ್ಬಳೂ ಗಿರಾಕಿಯೇ ಆಗಿದ್ದಳೆಂದು ಅವಳಿಗೆ ಅನಿಸಿತು. ಇಳಿದುಹೋಗಿ ಒಂದು ಮಾತು ಕೇಳಬಹುದಿತ್ತು. ಕೇಳುವ ಜಾಯಮಾನ ಅವಳದಲ್ಲ.

ವೈಶಾಖದಲ್ಲಿ ತಂಗೆವ್ವ ಈದಳು. ತಂಗೆವ್ವ ಎಂಬುದು ಎಮ್ಮೆಯ ಹೆಸರು. ತವರಿನಿಂದ ಬಂದ ಆ ಮಣಕದ ಮೊಮ್ಮಗಳು, ಇಂದ್ರಾಬಾಯಿಯ ಕಣ್ಣಿನ ಗೊಂಬೆ. ಹೆಣ್ಣು ಕರು. ಗಿಣ್ಣಕ್ಕೆ ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿ, ಪಾತ್ರೆಗಳಿಗೆ ತುಂಬಿ, ಯಾರ ಯಾರ ಮನೆಗೆ ಎಂದು ಇಂದ್ರಾಬಾಯಿ ಹೇಳುತ್ತ ಹೋದಳು. ತಾನು ಚಪ್ಪಲಿಗೆ ಹೋಲಿಸಿ ಬೈದವರ ಮನೆಗೂ ಒಂದೊಂದು ಪಾತ್ರೆ ಹೋಯಿತು.

“ಹುಲಿಗೆವ್ವ ಅತ್ತಿ ಮನಿಗಿರಿ?” ಎಂದು ಕೇಳಿದಳು ಕಾವೇರಿ.

“ಬ್ಯಾಡ.”

ಕಾವೇರಿ ಉಳಿದ ಪಾತ್ರೆಗಳನ್ನು ಎತ್ತಿಕೊಂಡು ಹೊರಟಳು. ಆ ಕಡೆ ಒಂದು ಮನೆ ಬಿಟ್ಟು ಗಿಣ್ಣ ಹಂಚುವುದೆಂದರೆ ಬಾಗಿಲಲ್ಲಿ ನಿಂತು ಬೈದದ್ದಕ್ಕಿಂತ ಹೆಚ್ಚು. ಬೈಗುಳ ಸಂಜೆಗೆ ಮರೆತುಹೋಗುತ್ತದೆ. ಗಿಣ್ಣ ಬರಲಿಲ್ಲವೆಂಬುದು ಎಮ್ಮೆ ಮತ್ತೆ ಈಯುವ ತನಕ ಉಳಿಯುತ್ತದೆ. ಇಂದ್ರಾಬಾಯಿಗೆ ಅದು ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಮಾಡಿದಳು. ಅಂದು ಗಿಣ್ಣ ಅವಳಿಗೂ ರುಚಿಸಲಿಲ್ಲ.

ಆಮೇಲೆ ಬಿಸಿಲು ಇನ್ನೂ ಏರಿತು. ಒಂದು ಮಧ್ಯಾಹ್ನ ತಂಗೆವ್ವ ಹಗ್ಗ ಕಿತ್ತುಕೊಂಡಳು. ಎಮ್ಮೆಗೆ ಬೆನ್ನ ಮೇಲಿನ ಒದ್ದೆ ಚೀಲ ಸಾಕಾಗಲಿಲ್ಲವೇನೋ, ಕೆಸರಿನಲ್ಲಿ ಹೊರಳುವ ಆಸೆಯಾಗಿತ್ತು. ಮೊದಲೆಲ್ಲ ಹರಿ ಹರಿದು ಲಿಂಬೆಯ ಬುಡದಲ್ಲಿ ಸದಾ ಕೆಸರು ಇರುತ್ತಿದ್ದದ್ದು ಅದಕ್ಕೆ ಗೊತ್ತು. ಒಂದೆರಡು ಸಲ ಕದ್ದುಹೋಗಿ ಹೊರಳಿ, ಹುಲಿಗೆವ್ವನ ಕೈಲಿ ಪೆಟ್ಟು ತಿಂದು ಬಂದಿತ್ತು ಕೂಡ. ಅದೇ ಜಾಡು ಹಿಡಿದು, ಗೋಡೆಯ ಬುಡದಲ್ಲೇ ನಡೆದು, ಬೇಲಿ ಮುರಿದುಕೊಂಡು ಒಳಗೆ ಹೋಯಿತು. ಹಿಂದಿನಿಂದ ಇಂದ್ರಾಬಾಯಿ ಕೋಲು ಹಿಡಿದು ಓಡಿದಳು. ಹುಲಿಗೆವ್ವನ ನೆಲಕ್ಕೆ ಕಾಲಿಡಬಾರದು ಎಂದುಕೊಂಡಿದ್ದಳು, ಎಮ್ಮೆ ಇಡಿಸಿತು.

ಒಳಗೆ ಕೆಸರಿರಲಿಲ್ಲ. ಎಮ್ಮೆ ಒಂದು ಗಿಡದ ಪಾತಿಯಲ್ಲಿ ನಿಂತು ಒಣಮಣ್ಣು ಮೂಸುತ್ತಿತ್ತು. ಕಪ್ಪು ನೆಲ ಕೈ ತೂರುವಷ್ಟು ಬಿರಿದಿತ್ತು. ಗಿಡಗಳ ಎಲೆ ಮುರುಟಿದ್ದವು, ಹೀಚು ಉದುರಿ ಬುಡದಲ್ಲಿ ಬಿದ್ದಿತ್ತು. ಮೂರು ಗಿಡಗಳಲ್ಲಂತೂ ಎಲೆಯೇ ಇರಲಿಲ್ಲ, ಬರೀ ಮುಳ್ಳು ನಿಂತಿದ್ದವು. ಅವುಗಳ ಆಚೆ ಹುಲಿಗೆವ್ವ ಕೂತು ಪಾತ್ರೆ ತೊಳೆದ ನೀರನ್ನು ಒಂದು ಗಿಡದ ಬುಡಕ್ಕೆ ಬೊಗಸೆಯಿಂದ ಹಾಕುತ್ತಿದ್ದಳು. ಪಕ್ಕದಲ್ಲಿ ಊರ ನಳದಿಂದ ಹೊತ್ತು ತಂದ ಕೊಡವಿತ್ತು. ನಳ ಇರುವುದು ಊರಿನ ಆ ಕೊನೆಗೆ. ದಾರಿಯಲ್ಲಿ ನಿಲ್ಲದೆ ಹೋಗುತ್ತಿದ್ದ ಹುಲಿಗೆವ್ವನ ತಲೆಯ ಮೇಲೆ ಇದ್ದದ್ದು ಇದೇ ಕೊಡ.

ಇಂದ್ರಾಬಾಯಿ ಮೂಲೆಗೆ ಹೋಗಿ ಭಾವಿಯಲ್ಲಿ ಬಗ್ಗಿ ನೋಡಿದಳು. ತಳದಲ್ಲಿ ಕಲ್ಲು, ಕಲ್ಲಿನ ನಡುವೆ ಆಳೆತ್ತರದ ಒಂದು ಬೇವು ಬೆಳೆದಿತ್ತು. ಅಷ್ಟು ಬೆಳೆಯಬೇಕಾದರೆ ಆ ಭಾವಿ ನೀರು ಕಂಡು ಎಷ್ಟೋ ವರ್ಷವಾಗಿರಬೇಕು.

“ಭಾವಿ ಯಾವಾಗ ಬತ್ತಿತು?”

“ನಿನ್ನ ಗಂಡ ತೀರಿದ ವರ್ಷ” ಎಂದಳು ಹುಲಿಗೆವ್ವ, ತಲೆ ಎತ್ತದೆ.

“ನನಗ ಹೇಳಲಿಲ್ಲಲ್ಲ.”

“ಹೇಳಿದ್ರ ನೀ ಪೈಪು ಹಾಕಿ ಬಿಡ್ತಿದ್ದಿ. ಅದು ಗೊತ್ತಿತ್ತು ನನಗ. ತಾನ ಇಳದ ಬಂದ ನೀರು ಬ್ಯಾರೆ ಇಂದ್ರಕ್ಕಾ, ಕೇಳಿ ಬಿಡಿಸ್ಕೊಂಡ ನೀರು ಬ್ಯಾರೆ. ನಿನ್ನ ಎಮ್ಮಿ ಬಾಯಾಗಿಂದು ತಗದು ಗಿಡಕ್ಕ ಹಾಕು ಅಂತ ಹ್ಯಾಂಗ ಕೇಳಲಿ?”

ಇಂದ್ರಾಬಾಯಿ ಕೋಲನ್ನು ಬೇಲಿಗೆ ಒರಗಿಸಿದಳು. ಒರಗಿಸಿದ ಕೋಲು ಜಾರಿಬಿತ್ತು, ಎತ್ತಿಕೊಳ್ಳಲಿಲ್ಲ. “ಅದು ಇರಲಿ. ಕಾಯಿ ಯಾಕ ನಿಲ್ಲಿಸಿದಿ? ಮೊದಲ ಸಲ ಬಿಡಿಸಿದ ಕಾಯಿ ಬಂದಿರಬೇಕಲ್ಲ?”

“ಬಂದಿತ್ತು. ನಿನ್ನ ಬುಟ್ಟಿ ತುಂಬಿ ಪಡಸಾಲಿಗೆ ಇಟ್ಟಿದ್ದೆ.” ಹುಲಿಗೆವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ತಗೊಂಡು ನಿನ್ನ ಗೇಟಿನ ತನಕಾ ಬಂದೆ. ನೀ ಹರಿ ಬಾಯಿಗೆ ಮಣ್ಣು ತುಳ್ಯಾಕತ್ತಿದ್ದಿ. ಆ ಹೊತ್ತಿನ್ಯಾಗ ಕಾಯಿ ಕೊಟ್ರ ನೀರು ಕೇಳಾಕ ಬಂದಂಗ ಆಕ್ಕಿತ್ತು. ವಾಪಸ ಹೋದೆ. ಮರುದಿನಾನೂ ಹಂಗ ಅನಸ್ತು. ಅದರ ಮರುದಿನಾನೂ. ಕಾಯಿ ಬುಟ್ಟ್ಯಾಗ ಒಣಗಿ ಹೋದವು.”

ಇಂದ್ರಾಬಾಯಿ ಅವಳ ಎದುರಿಗೆ ನೆಲದ ಮೇಲೆ ಕೂತಳು.

“ನೀರಿನ ಸಲುವಾಗಿನ ಕೊಡ್ತಿದ್ದಿ ಅಂದ್ಕೊಂಡೆ” ಎಂದಳು. “ಗಿಣ್ಣ ಬೇಕಂತನ ಕಳಿಸಲಿಲ್ಲ ನಾ.”

“ಗೊತ್ತೈತಿ. ಕಾವೇರಿ ಪಾತ್ರೆ ಹಿಡ್ಕೊಂಡು ನನ್ನ ಬಾಗಲಾ ದಾಟಿ ಹೋತು. ಆ ಹುಡುಗಿ ತಲಿ ಬಗ್ಗಿಸಿಕೊಂಡು ಹೋತು.” ಹುಲಿಗೆವ್ವ ಗಿಡದ ಬುಡಕ್ಕೆ ಇನ್ನೊಂದು ಬೊಗಸೆ ನೀರು ಹಾಕಿದಳು. “ಗಿಡ ಒಣಗಿದ್ದಕ್ಕ ನಾ ಅಳಲಿಲ್ಲ. ಅವತ್ತು ಅತ್ತೆ.”

ತಂಗೆವ್ವ ಅಷ್ಟರಲ್ಲಿ ಕೊಡಕ್ಕೆ ಬಾಯಿ ಹಾಕಿದಳು. ಇಬ್ಬರೂ ಒಟ್ಟಿಗೇ ಎದ್ದು ಅದರ ಮೂತಿಗೆ ಹೊಡೆದರು. ಇಂದ್ರಾಬಾಯಿ ಎಮ್ಮೆಯನ್ನು ಎಳೆದುಕೊಂಡು ಮನೆಗೆ ಬಂದಳು. ನೇರ ಸಲಿಕೆಯ ಕಡೆ ಕೈ ಹಾಕಿದಳು, ಹರಿಯ ಬಾಯಿ ಬಿಡಿಸಬೇಕೆಂದು. ಅರ್ಧ ಬಿಡಿಸಿ ನಿಂತಳು. ಬಿಡಿಸಿ ಹರಿಸುವುದಾದರೂ ಏನನ್ನು? ಪೈಪಿನ ಕಾಲದ ನೀರು ಈಗಿಲ್ಲ. ಬಕೆಟ್ಟಿನ ನೀರು ಅಷ್ಟು ದೂರ ಹರಿಯುವಷ್ಟರಲ್ಲಿ ಬಿರುಕು ಕುಡಿದು ಮುಗಿಸುತ್ತದೆ. ಮತ್ತೆ ಪೈಪು ಹಚ್ಚಿದರೆ ಎಮ್ಮೆ ಸಂತೆಗೆ ಹೊಡೆಯಬೇಕು. ಸಂಜೆಯ ಹಾಲು ಹಿಂಡುವಾಗಲೂ ಅವಳು ಅದನ್ನೇ ಯೋಚಿಸುತ್ತಿದ್ದಳು. ಎರಡು ಸಲ ಎಮ್ಮೆ ಒದೆಯಿತು.

ಮರುದಿನ ಬೆಳಿಗ್ಗೆ ಅವಳು ಎಮ್ಮೆಗಳನ್ನು ಅಂಗಳದಲ್ಲಿ ತೊಳೆಯಲಿಲ್ಲ. ಹಗ್ಗ ಬಿಚ್ಚಿ ಎಲ್ಲವನ್ನೂ ಇಳಿಜಾರಿಗೆ ಹೊಡೆದಳು. ಟಂಟಂನಲ್ಲಿ ಕ್ಯಾನುಗಳ ಬದಲು ನೀರಿನ ಡ್ರಮ್ಮು ಹೇರಿಸಿ ಸಿದ್ಧರಾಮನನ್ನು ಹಿಂದೆ ಕರೆತಂದಳು. ಹುಲಿಗೆವ್ವನ ಬೇಲಿಯ ಮುಂದೆ ನಿಂತು, “ಮುಳ್ಳು ಸರಸು” ಎಂದಳು.

“ಏನ್ ಮಾಡಾಕತ್ತಿ ಇಂದ್ರಕ್ಕಾ?”

“ಎಮ್ಮಿ ತೊಳ್ಯಾಕ ಬಂದೀನಿ. ನಿನಗ ನೀರು ಕೊಡಾಕ ಬಂದಿಲ್ಲ. ಎಲ್ಲೆರ ತೊಳೀಬೇಕಲ್ಲ, ಇಲ್ಲೇ ತೊಳೀತೇನಿ.”

ಹುಲಿಗೆವ್ವ ಮುಳ್ಳಿನ ಕಂಟಿ ಎಳೆದು ದಾರಿ ಮಾಡಿದಳು. ಒಂದು ಲಿಂಬೆಯ ಪಾತಿಯ ಅಂಚಿಗೆ ಒಂದೊಂದೇ ಎಮ್ಮೆಯನ್ನು ತಂದು ನಿಲ್ಲಿಸಿ ತಿಕ್ಕಿದರು. ಮೈಯಿಂದ ಇಳಿದ ನೀರೆಲ್ಲ ಪಾತಿಯಲ್ಲಿ ನಿಂತಿತು, ನೋಡುತ್ತಿದ್ದಂತೆ ಇಂಗಿತು. ಹನ್ನೊಂದು ಎಮ್ಮೆ ಮುಗಿಯುವಷ್ಟರಲ್ಲಿ ಒಂದು ಗಿಡಕ್ಕೆ ಬೇಕಾದಷ್ಟಾಗಿತ್ತು. ಮರುದಿನ ಇನ್ನೊಂದು ಗಿಡ, ಅದರ ಮರುದಿನ ಮತ್ತೊಂದು. ಹಸಿರು ಹುಲ್ಲಿನ ಮಡಿ ನೀರಿಲ್ಲದೆ ಒಣಗಿತು. ಕಾವೇರಿ ಗೊಣಗಿದಳು. ಎಮ್ಮೆ ಜೋಳದ ಕಣಿಕೆ ತಿಂದುಕೊಂಡಿರಲಿ ಎಂದು ಇಂದ್ರಾಬಾಯಿ ಅವಳ ಬಾಯಿ ಮುಚ್ಚಿಸಿದಳು.

ಒಂದು ತೊಡಕಿತ್ತು. ಗಿಡಗಳ ನಡುವೆ ಜಾಗ ಕಡಿಮೆ. ಕಾಯುತ್ತ ನಿಂತ ಎಮ್ಮೆಗಳ ಕೆಚ್ಚಲಿಗೆ ಲಿಂಬೆಯ ಮುಳ್ಳು ಗೀರುತ್ತಿತ್ತು. ತಂಗೆವ್ವನ ಕೆಚ್ಚಲಿನ ಮೇಲೆ ರಕ್ತದ ಗೆರೆ ಕಂಡ ದಿನ ಇಂದ್ರಾಬಾಯಿ ಬೇವಿನ ಎಲೆ ಅರೆದು ಹಚ್ಚಿ ಸುಮ್ಮನೆ ಮನೆಗೆ ಹೊಡೆದುಕೊಂಡು ಹೋದಳು. ಹುಲಿಗೆವ್ವ ಮಾತ್ರ ಅದನ್ನು ನೋಡಿದ್ದಳು.

ಮಾರನೆಯ ಬೆಳಿಗ್ಗೆ ಎಮ್ಮೆಗಳ ಹಿಂದೆ ಇಂದ್ರಾಬಾಯಿ ಇಳಿದು ಬಂದಾಗ ಹುಲಿಗೆವ್ವ ಕೊಡಲಿ ಹಿಡಿದಿದ್ದಳು. ಎಲೆಯುದುರಿದ ಮೂರು ಗಿಡಗಳಲ್ಲಿ ಎರಡು ಆಗಲೇ ನೆಲಕ್ಕೆ ಬಿದ್ದಿದ್ದವು.

“ತಡಿ, ಮಳಿ ಬಿದ್ರ ಚಿಗತಾವು” ಎಂದು ಇಂದ್ರಾಬಾಯಿ ಕೊಡಲಿಯ ಕಾವಿಗೆ ಕೈ ಹಾಕಿದಳು. ಹೇಳುವಾಗಲೇ ಅವು ಚಿಗುರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವು ಒಣಗಿದ್ದು ಯಾರಿಂದ ಎಂಬುದೂ ಗೊತ್ತಿತ್ತು.

“ಕೈ ತಗಿ” ಎಂದಳು ಹುಲಿಗೆವ್ವ. “ಎಮ್ಮಿ ನಿಲ್ಲಾಕ ಜಾಗ ಬೇಕಲ್ಲ.”

ಮೂರನೆಯದನ್ನೂ ಕಡಿದಳು. ಬೊಡ್ಡೆಗಳನ್ನು ಇಬ್ಬರೂ ಸೇರಿ ಅಗೆದು ತೆಗೆದು, ಕುಣಿ ಮುಚ್ಚಿ ಕಾಲಿನಿಂದ ತುಳಿದು ನೆಲ ಸಮ ಮಾಡಿದರು. ಹುಲಿಗೆವ್ವ ತಾನೇ ತಂಗೆವ್ವನ ಹಗ್ಗ ಹಿಡಿದು ಕರೆತಂದು ಆ ನೆಲದ ಮೇಲೆ ನಿಲ್ಲಿಸಿದಳು.